ನೈಟ್ರೋ ಆರ್‌ಸಿ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ನೀಡಲ್ ಮುಟ್ಟುವ ಮುಂಚೆ ಇಷ್ಟು ನೋಡಿ

ನೈಟ್ರೋ ಕಾರು, ಅಂದರೆ ನೈಟ್ರೋ ಫ್ಯೂಯಲ್ಲಿನಿಂದ ಓಡುವ ರಿಮೋಟ್ ಕಂಟ್ರೋಲ್ ಕಾರು, ಸ್ಟಾರ್ಟ್ ಆಗದಿದ್ದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಕಾರ್ಬೊರೇಟರ್ ಮೇಲಿನ ನೀಡಲ್ ಅನ್ನು, ಅಂದರೆ ಎಂಜಿನ್ನಿಗೆ ಎಷ್ಟು ಫ್ಯೂಯಲ್ ಹೋಗಬೇಕು ಎಂದು ನಿರ್ಧರಿಸುವ ಸ್ಕ್ರೂವನ್ನು, ಅರ್ಧ ಸುತ್ತು ಆ ಕಡೆ, ಒಂದು ಸುತ್ತು ಈ ಕಡೆ ತಿರುಗಿಸುತ್ತಾರೆ. ಸ್ಟಾರ್ಟರಿನ ಹಗ್ಗ ಎಳೆಯುತ್ತಾರೆ, ಆಗಲಿಲ್ಲ ಅಂದರೆ ಮತ್ತೆ ತಿರುಗಿಸುತ್ತಾರೆ. ಕೊನೆಗೆ ಅಸಲಿ ದೋಷ ಸಿಕ್ಕರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಸರಿಯಾಗಿದ್ದ ಸೆಟ್ಟಿಂಗ್ ಕೂಡ ಹಾಳಾಗಿರುತ್ತದೆ. ಹೋದ ವಾರ ಚೆನ್ನಾಗಿ ಓಡಿದ ಕಾರಿನ ನೀಡಲ್ ಶೆಲ್ಫಿನಲ್ಲಿ ಕೂತಿದ್ದಾಗ ತಾನಾಗೇ ತಿರುಗಿರುವುದಿಲ್ಲ ಅಲ್ವಾ?

ಹಾಗಾಗಿ ಈ ಬರಹದಲ್ಲಿ ನೀಡಲ್ ವಿಷಯ ಕೊನೆಯ ಕಡೆಗೆ ಬರುತ್ತದೆ. ಮೊದಲು ನೋಡಬೇಕಾದದ್ದು ಮೂರು: ಗ್ಲೋ ಪ್ಲಗ್ (ಒಳಗೆ ಫ್ಯೂಯಲ್ ಹೊತ್ತಿಸುವ ಪುಟ್ಟ ಭಾಗ) ಕೆಂಪಗೆ ಉರಿಯುತ್ತಿದೆಯಾ, ಫ್ಯೂಯಲ್ ಕಾರ್ಬೊರೇಟರ್ ತನಕ ಬರುತ್ತಿದೆಯಾ, ಎಂಜಿನ್ನಿನಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬರುವಾಗ ಸಿಗುವ ಒತ್ತಡ, ಇದೆಯಾ. ಈ ಮೂರೂ ಇದ್ದರೆ ನೀಡಲ್ ಸ್ವಲ್ಪ ಆಚೀಚೆ ಇದ್ದರೂ ಎಂಜಿನ್ ಒಂದು ಸಲವಾದರೂ ಪಟ್ ಅನ್ನುತ್ತದೆ. ಇಲ್ಲಿ ಹೇಳುವುದು 2 ಸಿಸಿಯಿಂದ 5 ಸಿಸಿ ತನಕದ ಮಾಮೂಲಿ ಟೂ ಸ್ಟ್ರೋಕ್ ನೈಟ್ರೋ ಎಂಜಿನ್ನುಗಳಿಗೆ. ಹೊಸಬರ ಕೈಗೆ ಹೆಚ್ಚಾಗಿ ಬರುವ 0.18 ಸೈಜ್, ಅಂದರೆ ಸುಮಾರು 3 ಸಿಸಿ ಎಂಜಿನ್ ಕೂಡ ಇದರಲ್ಲಿ ಬರುತ್ತದೆ.

ಕೈ ಹಾಕುವ ಮುಂಚೆ

ನೈಟ್ರೋ ಫ್ಯೂಯಲ್ ಅಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಇದರಲ್ಲಿ ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಟ್ಯೂಬಿನಲ್ಲಿ ಬಾಯಿ ಇಟ್ಟು ಫ್ಯೂಯಲ್ ಎಳೆಯುವುದು ಬೇಡವೇ ಬೇಡ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರಿನಲ್ಲಿ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಮಗು ಕುಡಿದುಬಿಟ್ಟರೆ, ಒಂದು ಗುಟುಕಾದರೂ ಸರಿ, "ಚೆನ್ನಾಗೇ ಇದಾನಲ್ಲ" ಎಂದು ಕಾಯಬೇಡಿ. ಮೆಥನಾಲ್ ವಿಷದ ಲಕ್ಷಣಗಳು ಎಷ್ಟೋ ಗಂಟೆ ತಡವಾಗಿ ಕಾಣಿಸುತ್ತವೆ. 108ಕ್ಕೆ ಫೋನ್ ಮಾಡಿ, ಫ್ಯೂಯಲ್ ಡಬ್ಬಿಯನ್ನೂ ಜೊತೆಗೇ ತೆಗೆದುಕೊಂಡು ಹೋಗಿ.

ಎರಡನೆಯದು ಬೆಂಕಿ. ಮೆಥನಾಲ್ ಜ್ವಾಲೆ ಹಗಲು ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಚೆಲ್ಲಿದ್ದನ್ನು ಒರೆಸಿ, ಡಬ್ಬಿಯ ಮುಚ್ಚಳ ಹಾಕಿ ದೂರ ಇಟ್ಟ ಮೇಲೆಯೇ ಇಗ್ನೈಟರ್ (ಗ್ಲೋ ಪ್ಲಗ್ ಕಾಯಿಸುವ ಬ್ಯಾಟರಿ ಸಾಧನ) ಹಚ್ಚಿ. ಸಿಗರೇಟು, ಊದುಬತ್ತಿ ಹತ್ತಿರ ಇರಬಾರದು. ಎಂಜಿನ್ ಓಡಿಸುವುದು ಬಯಲಿನಲ್ಲಿ ಮಾತ್ರ. ಗ್ಯಾರೇಜಿನ ಶಟರ್ ಅರ್ಧ ತೆಗೆದರೆ ಸಾಕು ಅಂದುಕೊಳ್ಳಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಇನ್ನೊಂದು. ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ಕಾರಿನ ರಿಸೀವರ್. ಆಫ್ ಮಾಡುವಾಗ ಉಲ್ಟಾ. ಟ್ರಿಗರ್ ಬಿಟ್ಟಾಗ ಕಾರ್ಬೊರೇಟರ್ ಮುಚ್ಚುವ ಕಡೆಗೆ ಬರುತ್ತಿದೆಯಾ ಎಂದು ಏರ್ ಫಿಲ್ಟರ್ ತೆಗೆದು ಕಣ್ಣಾರೆ ನೋಡಿ. ಥ್ರಾಟಲ್ ತೆರೆದೇ ಇದ್ದು ಎಂಜಿನ್ ಸ್ಟಾರ್ಟ್ ಆಯಿತು ಅಂದರೆ ಕಾರು ಕೈಯಿಂದ ಹಾರಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ನಿಲ್ಲಿಸಲು ದಪ್ಪ ಬಟ್ಟೆಯಿಂದ ಸೈಲೆನ್ಸರ್ ತುದಿಯನ್ನು ಒತ್ತಿ ಮುಚ್ಚಿ. ಆ ಬಟ್ಟೆ ಸ್ಟಾರ್ಟ್ ಮಾಡುವ ಮುಂಚೆಯೇ ಪಕ್ಕದಲ್ಲಿರಬೇಕು.

ಹಗ್ಗ ಎಳೆಯಲು ಬರುತ್ತಿಲ್ಲ, ಎಂಜಿನ್ ಜಾಮ್ ಆದಂತಿದೆ

ಬಲ ಹಾಕಿ ಎಳೆಯಬೇಡಿ. ಈ ದೋಷಕ್ಕೆ ಸಾಮಾನ್ಯವಾಗಿ ಎರಡೇ ಕಾರಣ, ಎರಡೂ ಸುಲಭ. ಆದರೆ ಜೋರಾಗಿ ಎಳೆದರೆ ಹಗ್ಗ ಕಿತ್ತು ಬರುತ್ತದೆ, ಇಲ್ಲವೇ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಸುಲಭದ ದೋಷ ದುಬಾರಿಯಾಗುತ್ತದೆ.

ಮೊದಲ ಕಾರಣ, ಒಳಗೆ ಫ್ಯೂಯಲ್ ಜಾಸ್ತಿ ತುಂಬಿಕೊಂಡಿರುವುದು, ಅಂದರೆ ಫ್ಲಡ್ ಆಗಿರುವುದು. ಪ್ರೈಮರ್ ಬಟನ್ (ಫ್ಯೂಯಲ್ಲನ್ನು ಕಾರ್ಬೊರೇಟರಿಗೆ ತಳ್ಳುವ ಗುಂಡಿ) ಬಹಳ ಸಲ ಒತ್ತಿದ್ದರೆ, ಅಥವಾ ಸ್ಟಾರ್ಟ್ ಆಗದೆ ಎಷ್ಟೋ ಹೊತ್ತು ಹಗ್ಗ ಎಳೆದಿದ್ದರೆ ಇದೇ ಆಗಿರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಫ್ಯೂಯಲ್ ಅಡ್ಡ ನಿಂತು ತಡೆಯುತ್ತದೆ. ಇಗ್ನೈಟರ್ ತೆಗೆದು ದೂರ ಇಡಿ. ಪ್ಲಗ್ ಸ್ಪ್ಯಾನರ್‌ನಿಂದ ಗ್ಲೋ ಪ್ಲಗ್ ಬಿಚ್ಚಿ, ಅದರ ತಾಮ್ರದ ವಾಷರ್ ಬಿದ್ದು ಹೋಗದಂತೆ ನೋಡಿಕೊಳ್ಳಿ. ಪ್ಲಗ್ ತೂತಿನ ಮೇಲೆ ಬಟ್ಟೆ ಹಿಡಿದು, ಕಾರನ್ನು ಮಗುಚಿ, ಹಗ್ಗವನ್ನು ಐದಾರು ಸಲ ಎಳೆಯಿರಿ. ಫ್ಯೂಯಲ್ ಚಿಮ್ಮಿ ಹೊರಗೆ ಬರುತ್ತದೆ, ಮುಖ ಆ ಕಡೆ ಇಡಬೇಡಿ. ಸೈಲೆನ್ಸರ್ ಒಳಗೆ ನಿಂತಿರುವುದನ್ನೂ ಬಸಿದುಬಿಡಿ, ಅದು ಹಾಗೇ ಉಳಿದರೆ ಎಂಜಿನ್ ಸ್ಟಾರ್ಟ್ ಆದರೂ ಉಸಿರು ಕಟ್ಟಿದಂತೆ ಓಡುತ್ತದೆ.

ಎರಡನೆಯ ಕಾರಣ ದೋಷವೇ ಅಲ್ಲ. ಹೊಸ ಎಂಜಿನ್ ಹೀಗೇ ಇರುತ್ತದೆ. ಈ ಎಂಜಿನ್ನುಗಳಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್, ಸಾಮಾನ್ಯವಾಗಿ ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ಇದನ್ನೇ ಪಿಂಚ್ ಅನ್ನುತ್ತಾರೆ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಪಿಸ್ಟನ್ನಿಗೆ ಸರಿಯಾಗಿ ಹೊಂದಿಕೊಳ್ಳಲಿ ಎಂದು ಹಾಗೆ ಮಾಡಿರುತ್ತಾರೆ. ತಣ್ಣಗಿದ್ದಾಗ ಪಿಸ್ಟನ್ ತುದಿಯಲ್ಲಿ ಕಚ್ಚಿಕೊಳ್ಳುವುದು ಸಹಜ. ಪ್ಲಗ್ ಬಿಚ್ಚಿ ಫ್ಲೈವೀಲ್ ಅನ್ನು (ಎಂಜಿನ್ ಜೊತೆ ತಿರುಗುವ ಲೋಹದ ಚಕ್ರ) ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಕೆಳಕ್ಕೆ ತನ್ನಿ, ಒಳಗೆ ಎರಡು ಹನಿ ಆಫ್ಟರ್ ರನ್ ಎಣ್ಣೆ (ಓಡಿಸಿ ಮುಗಿಸಿದ ಮೇಲೆ ಎಂಜಿನ್ನಿಗೆ ಬಿಡುವ ಎಣ್ಣೆ) ಬಿಡಿ. ಚಳಿಗಾಲದ ಬೆಳಗ್ಗೆ ತೀರಾ ಬಿಗಿಯಾಗಿದ್ದರೆ ಎಂಜಿನ್ ಹೆಡ್ಡನ್ನು ಹೇರ್ ಡ್ರೈಯರಿನಿಂದ ಕೈ ತಾಗಿಸಲಾಗದಷ್ಟು ಬಿಸಿ ಮಾಡಿ. ಇದನ್ನು ಟ್ಯಾಂಕಿಗೆ ಫ್ಯೂಯಲ್ ಹಾಕುವ ಮುಂಚೆಯೇ ಮಾಡಬೇಕು. ಫ್ಯೂಯಲ್ ಇದ್ದ ಜಾಗದಲ್ಲಿ ಹೇರ್ ಡ್ರೈಯರ್ ಹಚ್ಚಬಾರದು.

ಎರಡೂ ಅಲ್ಲ, ಪ್ಲಗ್ ಬಿಚ್ಚಿದರೂ ಫ್ಲೈವೀಲ್ ಅಲುಗುವುದಿಲ್ಲ ಅಂದರೆ ತುಕ್ಕು ಹಿಡಿದ ಬೇರಿಂಗೋ, ಒಣಗಿ ಅಂಟಾದ ಹಳೇ ಎಣ್ಣೆಯೋ ಕಾರಣ. ತಿಂಗಳುಗಟ್ಟಲೆ ಸುಮ್ನೆ ಇಟ್ಟ ಕಾರುಗಳಲ್ಲಿ ಇದು ಸಾಮಾನ್ಯ. ಹೆಡ್ಡನ್ನು ಬಿಸಿ ಮಾಡಿ, ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಗಲೂ ಬಿಡದಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ, ಬಲ್ಲವರ ಕೈಗೆ ಕೊಡಿ.

ಹಗ್ಗ ಸಲೀಸಾಗಿ ಬರುತ್ತದೆ, ಆದರೆ ಎಂಜಿನ್ ತಿರುಗುವುದೇ ಇಲ್ಲ

ಹಗ್ಗ ಎಳೆಯುವಾಗ ಫ್ಲೈವೀಲ್ ನೋಡಿ. ಅದು ನಿಂತೇ ಇದ್ದರೆ ತೊಂದರೆ ಸ್ಟಾರ್ಟರಿನ ಒನ್ ವೇ ಬೇರಿಂಗಿನಲ್ಲಿದೆ, ಅಂದರೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಬೇರಿಂಗಿನಲ್ಲಿ. ಎಂಜಿನ್ ಹಿಂದಿನ ಸ್ಕ್ರೂಗಳನ್ನು ಬಿಚ್ಚಿದರೆ ಆ ಬೇರಿಂಗ್ ಸಿಗುತ್ತದೆ. ಒಳಗೆ ಎಣ್ಣೆ ಗಟ್ಟಿಯಾಗಿ ಸಣ್ಣ ರೋಲರುಗಳು ಜಾರುತ್ತಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ಒಂದು ಹನಿ ತೆಳು ಎಣ್ಣೆ ಬಿಟ್ಟು ಜೋಡಿಸಿ. ಗ್ರೀಸ್ ತುಂಬಬೇಡಿ, ಜಾರುವುದು ಇನ್ನೂ ಜಾಸ್ತಿಯಾಗುತ್ತದೆ. ತೊಳೆದರೂ ಜಾರಿದರೆ ಬೇರಿಂಗ್ ಸವೆದಿದೆ, ಬದಲಿಸಿ.

ಫ್ಲೈವೀಲ್ ತಿರುಗುತ್ತಿದೆ, ಆದರೆ ಎಲ್ಲಿಯೂ ತಡೆಯೇ ಇಲ್ಲ ಅಂದರೆ ವಿಷಯ ಬೇರೆ. ಮೊದಲು ಪ್ಲಗ್ ಬಿಗಿಯಾಗಿದೆಯಾ, ತಾಮ್ರದ ವಾಷರ್ ಇದೆಯಾ ನೋಡಿ. ಆಮೇಲೆ ಹೆಡ್ಡಿನ ಸ್ಕ್ರೂಗಳು. ಅವೂ ಸರಿಯಿದ್ದರೆ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ತೂತಿನಿಂದ ಒಳಗೆ ಟಾರ್ಚ್ ಬಿಡಿ. ಫ್ಲೈವೀಲ್ ತಿರುಗಿಸಿದಾಗ ಪಿಸ್ಟನ್ ಮೇಲೆ ಕೆಳಗೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಕನೆಕ್ಟಿಂಗ್ ರಾಡ್ ಮುರಿದಿದೆ. ಅಲ್ಲಿಗೇ ನಿಲ್ಲಿಸಿ. ಒಳಗೆ ಲೋಹದ ಚೂರುಗಳು ಓಡಾಡುತ್ತಿರುತ್ತವೆ, ಇನ್ನೊಂದು ಸಲ ಎಳೆದರೆ ಸ್ಲೀವ್ ಕೂಡ ಗೀರಿ ಹೋಗುತ್ತದೆ.

ಎಂಜಿನ್ ತಿರುಗುತ್ತದೆ, ಒಂದು ಸಲವೂ ಪಟ್ ಅನ್ನುವುದಿಲ್ಲ

ಸ್ಟಾರ್ಟ್ ಆಗದ ಕಾರುಗಳಲ್ಲಿ ಹೆಚ್ಚಿನವು ಈ ಗುಂಪಿನವು, ಮತ್ತು ಇವುಗಳಲ್ಲಿ ಹೆಚ್ಚಿನವಕ್ಕೆ ಗ್ಲೋ ಪ್ಲಗ್ ಅಥವಾ ಇಗ್ನೈಟರ್ ಕಾರಣ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಬೈಕಿನ ಸ್ಪಾರ್ಕ್ ಪ್ಲಗ್ಗಿಗೂ ಇದಕ್ಕೂ ಸಂಬಂಧವಿಲ್ಲ. ಗ್ಲೋ ಪ್ಲಗ್ ಒಳಗೆ ಪ್ಲಾಟಿನಂ ಸೇರಿದ ಲೋಹದ ಸಣ್ಣ ಸುರುಳಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಓಡಲು ಶುರುವಾದ ಮೇಲೆ ಬ್ಯಾಟರಿ ಬೇಡ. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ತಾಗಿದಾಗ ಆಗುವ ರಾಸಾಯನಿಕ ಕ್ರಿಯೆ ಮತ್ತು ಉರಿಯುವ ಬಿಸಿ ಎರಡೂ ಸೇರಿ ಸುರುಳಿಯನ್ನು ಕೆಂಪಗೇ ಇಡುತ್ತವೆ. "ಪೆಟ್ರೋಲ್ ಹಾಕಿದರೆ ಓಡಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ಓಡುವುದಿಲ್ಲ. ಪೆಟ್ರೋಲಿಗೆ ಪ್ಲಾಟಿನಂ ಜೊತೆ ಆ ಕ್ರಿಯೆ ಹಾಗೆ ನಡೆಯುವುದಿಲ್ಲ. ಸಾಲದ್ದಕ್ಕೆ ಎಂಜಿನ್ನಿಗೆ ಬೇಕಾದ ಎಣ್ಣೆ ನೈಟ್ರೋ ಫ್ಯೂಯಲ್ ಒಳಗೇ ಬೆರೆತಿರುತ್ತದೆ. ಬರೀ ಪೆಟ್ರೋಲಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಈ ಪ್ರಯೋಗ ಆಗಲೇ ಆಗಿಹೋಗಿದ್ದರೆ ಟ್ಯಾಂಕ್, ಟ್ಯೂಬ್ ಎಲ್ಲ ಖಾಲಿ ಮಾಡಿ. ಸಿಲಿಕೋನ್ ಟ್ಯೂಬ್ ಪೆಟ್ರೋಲಿಗೆ ಉಬ್ಬಿ ಮೆತ್ತಗಾಗುತ್ತದೆ, ಅದನ್ನೂ ಬದಲಿಸಿ.

ಪರೀಕ್ಷೆ ಹೀಗೆ. ಪ್ಲಗ್ ಬಿಚ್ಚಿ, ಒಣಗಿಸಿ, ಫ್ಯೂಯಲ್‌ನಿಂದ ದೂರ ಹೋಗಿ ಇಗ್ನೈಟರಿಗೆ ಸಿಕ್ಕಿಸಿ. ಪ್ಲಗ್ಗನ್ನು ಬೆರಳಲ್ಲಿ ಹಿಡಿಯಬೇಡಿ, ಸುಡುತ್ತದೆ. ಸುರುಳಿ ಪೂರ್ತಿ, ಕೆಲವೇ ಸೆಕೆಂಡಿನಲ್ಲಿ, ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬರಬೇಕು. ಮಂಕಾದ ಕೆಂಪು ಸಾಲದು. ತೆರೆದ ಗಾಳಿಯಲ್ಲೇ ಮಂಕಾಗಿರುವ ಪ್ಲಗ್, ಸಿಲಿಂಡರ್ ಒಳಗೆ ತಣ್ಣನೆ ಫ್ಯೂಯಲ್ ತಾಗಿದ ಕೂಡಲೇ ಪೂರ್ತಿ ಆರುತ್ತದೆ. ಮಂಕಾಗಿದ್ದರೆ ಮೊದಲು ಇಗ್ನೈಟರ್ ಚಾರ್ಜ್ ಮಾಡಿ, ಅದರ ಬಾಯಿಯ ಒಳಗಿನ ಕಿಲುಬನ್ನು ಕೆರೆದು ತೆಗೆಯಿರಿ. ಪೂರ್ತಿ ಚಾರ್ಜ್ ಆದ ಇಗ್ನೈಟರಿನಲ್ಲೂ ಮಂಕಾಗಿದ್ದರೆ, ಅಥವಾ ಸುರುಳಿಯ ಅರ್ಧ ಮಾತ್ರ ಉರಿದರೆ, ಪ್ಲಗ್ ಬದಲಿಸಿ. ಎರಡು ಹೊಸ ಪ್ಲಗ್ ಯಾವಾಗಲೂ ಡಬ್ಬಿಯಲ್ಲಿರಲಿ. ಈ ಹವ್ಯಾಸದಲ್ಲಿ ಪ್ಲಗ್ ಖರ್ಚಾಗುವ ವಸ್ತು, ಅದನ್ನು ಉಳಿಸಿಕೊಳ್ಳಲು ಒಂದಿಡೀ ಭಾನುವಾರ ಕಳೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಇಗ್ನೈಟರ್ ಸಿಗದೆ ಬೇರೆ ಬ್ಯಾಟರಿ ಹಚ್ಚುವವರಿದ್ದಾರೆ. ಗ್ಲೋ ಪ್ಲಗ್ಗಿಗೆ ಬೇಕಾದದ್ದು 1.2ರಿಂದ 1.5 ವೋಲ್ಟ್ ಮಾತ್ರ. 3.7 ವೋಲ್ಟಿನ ಲಿಥಿಯಂ ಸೆಲ್ ಅಥವಾ ಬೈಕಿನ 12 ವೋಲ್ಟ್ ಬ್ಯಾಟರಿ ನೇರ ಕೊಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಸುರುಳಿ ಸುಟ್ಟು ಹೋಗುತ್ತದೆ.

ಹೊಸ ಪ್ಲಗ್ ತರುವಾಗ ನಿಮ್ಮ ಎಂಜಿನ್ನಿಗೆ ಸ್ಟ್ಯಾಂಡರ್ಡ್ ಬೇಕೋ ಟರ್ಬೋ ಬೇಕೋ ನೋಡಿಕೊಳ್ಳಿ. ಟರ್ಬೋ ಪ್ಲಗ್ಗಿನ ತಳ ಇಳಿಜಾರಾಗಿರುತ್ತದೆ, ವಾಷರ್ ಇರುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ತಿರುಚಿ ಕೂರಿಸಲು ಹೋದರೆ ಹೆಡ್ಡಿನ ಮರೆ (ಥ್ರೆಡ್) ಹಾಳಾಗುತ್ತದೆ.

ಬಿಚ್ಚಿದ ಹಳೇ ಪ್ಲಗ್ಗನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಅದು ಬಹಳ ಹೇಳುತ್ತದೆ. ಒದ್ದೆಯಾಗಿ ಫ್ಯೂಯಲ್ ತೊಟ್ಟಿಕ್ಕುತ್ತಿದ್ದರೆ ಫ್ಲಡ್ ಆಗಿದೆ. ಮೂಳೆ ಒಣಗಿದಂತೆ ಇದ್ದರೆ ಫ್ಯೂಯಲ್ ಬರುತ್ತಲೇ ಇಲ್ಲ. ಸುರುಳಿ ಬೂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದ್ದರೆ ಎಂಜಿನ್ ಲೀನ್ ಆಗಿ, ಅಂದರೆ ಫ್ಯೂಯಲ್ ಕಡಿಮೆಯಾಗಿ, ತುಂಬಾ ಬಿಸಿಯಾಗಿ ಓಡಿದೆ. ಹಾಗಿದ್ದರೆ ಹೊಸ ಪ್ಲಗ್ ಹಾಕಿದ ಮೇಲೆ ಹಳೇ ಸೆಟ್ಟಿಂಗಿನಲ್ಲೇ ಓಡಿಸಬೇಡಿ. ಲೋಹದ ಸಣ್ಣ ಕಣಗಳು ಅಂಟಿದ್ದರೆ ಒಳಗೆ ಏನೋ ಉಜ್ಜುತ್ತಿದೆ, ಎಂಜಿನ್ ಬಿಚ್ಚಿ ನೋಡುವ ತನಕ ಮತ್ತೆ ಹಗ್ಗ ಎಳೆಯಬೇಡಿ.

ಪ್ಲಗ್ ಸರಿಯಿದೆ, ಆದರೆ ಒಣಗಿದೆ

ಫ್ಯೂಯಲ್ ಟ್ಯೂಬ್ ಸಾಮಾನ್ಯವಾಗಿ ಪಾರದರ್ಶಕ, ಇದು ನಮ್ಮ ಅದೃಷ್ಟ. ಕೈಗೆ ಗ್ಲೌಸ್ ಹಾಕಿ, ಇಗ್ನೈಟರ್ ಹಚ್ಚದೆ, ಸೈಲೆನ್ಸರ್ ತುದಿಯನ್ನು ಬೆರಳಿನಿಂದ ಮುಚ್ಚಿ ಎರಡು ಮೂರು ಸಲ ಹಗ್ಗ ಎಳೆಯಿರಿ. ಪೂರ್ತಿ ಹಗ್ಗ ಎಳೆಯಬೇಡಿ, ಒಂದು ಅಡಿಯೊಳಗೆ ಚುರುಕಾಗಿ ಎಳೆದು ಬಿಡಿ. ಸೈಲೆನ್ಸರಿನ ಒತ್ತಡ ಸಣ್ಣ ಟ್ಯೂಬಿನಲ್ಲಿ ಟ್ಯಾಂಕಿಗೆ ಹೋಗಿ ಫ್ಯೂಯಲ್ಲನ್ನು ಕಾರ್ಬೊರೇಟರ್ ಕಡೆಗೆ ತಳ್ಳುತ್ತದೆ. ಟ್ಯೂಬಿನಲ್ಲಿ ಫ್ಯೂಯಲ್ ಸರಿದು ಕಾರ್ಬೊರೇಟರ್ ಮುಟ್ಟಿದ್ದು ಕಂಡ ಕೂಡಲೇ ಬೆರಳು ತೆಗೆಯಿರಿ. ಇನ್ನೂ ಎಳೆಯುತ್ತಾ ಹೋದರೆ ಫ್ಲಡ್ ಆಗುತ್ತದೆ.

ಫ್ಯೂಯಲ್ ಸರಿಯುತ್ತಲೇ ಇಲ್ಲ ಅಂದರೆ ದಾರಿಯುದ್ದಕ್ಕೂ ಹುಡುಕಿ. ಸೈಲೆನ್ಸರ್‌ನಿಂದ ಟ್ಯಾಂಕಿಗೆ ಬರುವ ಟ್ಯೂಬ್ ಕಳಚಿದೆಯಾ? ಬಹಳ ಸಲ ಇಷ್ಟೇ ಆಗಿರುತ್ತದೆ. ಟ್ಯಾಂಕ್ ಮುಚ್ಚಳದ ಓ ರಿಂಗ್ ಒಡೆದಿದ್ದರೆ ಅಲ್ಲಿಂದಲೇ ಒತ್ತಡ ಸೋರುತ್ತದೆ. ಪತ್ತೆ ಮಾಡುವುದು ಸುಲಭ: ಖಾಲಿ ಟ್ಯಾಂಕನ್ನು ಬಿಚ್ಚಿ, ಒಂದು ಟ್ಯೂಬ್ ಮಡಚಿ ಹಿಡಿದು, ಇನ್ನೊಂದಕ್ಕೆ ಸೂಜಿಯಿಲ್ಲದ ಸಿರಿಂಜ್ ಸಿಕ್ಕಿಸಿ ಗಾಳಿ ತಳ್ಳುತ್ತಾ ಟ್ಯಾಂಕನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಜಾಗದಲ್ಲೇ ಸೋರಿಕೆ ಇದೆ. ಆಮೇಲೆ ಟ್ಯಾಂಕಿನ ಒಳಗಡೆ ಚೆನ್ನಾಗಿ ಒಣಗಿಸಬೇಕು. ಫಿಲ್ಟರ್ ಕಟ್ಟಿದೆಯಾ, ಟ್ಯೂಬ್ ಎಂಜಿನ್ನಿಗೆ ತಾಗಿ ಕರಗಿದೆಯಾ, ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಟ್ಯೂಬಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತಿದ್ದರೆ ಎಲ್ಲೋ ಸೂಜಿಮೊನೆಯಷ್ಟು ತೂತಿದೆ. ಹುಡುಕುತ್ತಾ ಕೂರದೆ ಹೊಸ ಟ್ಯೂಬ್ ಹಾಕಿ.

ಇವೆಲ್ಲ ಸರಿಯಿದ್ದರೂ ಪ್ಲಗ್ ಒಣಗಿಯೇ ಇದ್ದರೆ ಕಾರ್ಬೊರೇಟರಿನ ತೂತು ಕಟ್ಟಿದೆ. ಹೈ ಸ್ಪೀಡ್ ನೀಡಲ್ (ಜಾಸ್ತಿ ವೇಗದಲ್ಲಿ ಫ್ಯೂಯಲ್ ನಿಯಂತ್ರಿಸುವುದು) ಎಷ್ಟು ಸುತ್ತು ತೆರೆದಿದೆ ಎಂದು ಎಣಿಸುತ್ತಾ ನಿಧಾನ ಮುಚ್ಚಿ, ಬರೆದಿಟ್ಟುಕೊಂಡು, ಆಮೇಲೆ ಪೂರ್ತಿ ಬಿಚ್ಚಿ ಆ ತೂತಿನಲ್ಲಿ ಗಾಳಿ ಹೊಡೆಯಿರಿ. ತಂತಿ, ಗುಂಡುಸೂಜಿ ತೂರಿಸಬೇಡಿ. ಜೋಡಿಸುವಾಗ ಅಷ್ಟೇ ಸುತ್ತು ತೆರೆಯಿರಿ.

ಎಲ್ಲ ಸರಿ ಕಾಣುತ್ತದೆ, ಆದರೂ ಸ್ಟಾರ್ಟ್ ಇಲ್ಲ: ಫ್ಯೂಯಲ್ ಮೇಲೆ ಅನುಮಾನ ಪಡಿ

ಮೆಥನಾಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿ, ಅದರಲ್ಲೂ ಕರಾವಳಿ ಮನೆಗಳಲ್ಲಿ, ಬೇಗ ಕೆಡುತ್ತದೆ. ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಹಾಗೇ ಇರುತ್ತದೆ. ನೈಟ್ರೋಮೀಥೇನ್‌ಗೆ ಬಿಸಿಲೂ ಆಗುವುದಿಲ್ಲ. ಹೋದ ಸಲ ಓಡಿಸಿ ಕಾರಿನ ಟ್ಯಾಂಕಿನಲ್ಲೇ ಉಳಿದಿದ್ದ ಫ್ಯೂಯಲ್ ಅಂತೂ ಲೆಕ್ಕಕ್ಕಿಲ್ಲ, ಬಸಿದುಬಿಡಿ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಹೊಸ ಸೀಲ್ ಒಡೆದ ಡಬ್ಬಿಯಿಂದ ಹಾಕಿ ನೋಡುವುದೇ ಸುಲಭದ ದಾರಿ. ಓಡಿಸುವ ಗೆಳೆಯರಿದ್ದರೆ ಅವರ ಡಬ್ಬಿಯಿಂದ ಸ್ವಲ್ಪ ಕೇಳಿ.

ಕಾರಿನ ನೈಟ್ರೋ ಫ್ಯೂಯಲ್ಲಿನಲ್ಲಿ ಸಾಮಾನ್ಯವಾಗಿ ಶೇ. 16ರಿಂದ 30ರಷ್ಟು ನೈಟ್ರೋಮೀಥೇನ್ ಇರುತ್ತದೆ. ವಿಮಾನದ ಮಾಡೆಲ್‌ಗಳಿಗೆ ಮಾರುವ ಕಡಿಮೆ ನೈಟ್ರೋ ಫ್ಯೂಯಲ್ ಹಾಕಿದರೆ ಸ್ಟಾರ್ಟ್ ಆಗುವುದು ಕಷ್ಟ, ಐಡಲ್ (ಟ್ರಿಗರ್ ಬಿಟ್ಟಾಗಿನ ನಿಧಾನ ಓಟ) ಸ್ಥಿರವಾಗಿ ನಿಲ್ಲುವುದಿಲ್ಲ. ಇನ್ನು ಮನೆಯಲ್ಲೇ ಮೆಥನಾಲ್ ತಂದು ಬೆರೆಸುವ ಆಲೋಚನೆ ಇದ್ದರೆ ದಯವಿಟ್ಟು ಬಿಡಿ. ವಿಷ ಮತ್ತು ಬೆಂಕಿ ಎರಡನ್ನೂ ಅಡುಗೆಮನೆ ಪಕ್ಕ ತಂದಿಟ್ಟುಕೊಂಡಂತೆ. ಫ್ಯೂಯಲ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಕೊಂಡೊಯ್ಯುವಂತಿಲ್ಲ, ಇದೂ ನೆನಪಿರಲಿ.

ಸ್ಟಾರ್ಟ್ ಆಗುತ್ತದೆ, ಇಗ್ನೈಟರ್ ತೆಗೆದ ಕೂಡಲೇ ನಿಲ್ಲುತ್ತದೆ

ಇಲ್ಲಿಂದ ಮುಂದೆ ನಾವು ಗೆಲ್ಲುತ್ತಿದ್ದೇವೆ. ಎಂಜಿನ್ ಉರಿಯುತ್ತಿದೆ, ಬ್ಯಾಟರಿ ಇಲ್ಲದೆ ಸುರುಳಿಯನ್ನು ಬಿಸಿಯಾಗಿಡಲು ಆಗುತ್ತಿಲ್ಲ ಅಷ್ಟೇ. ಮೊದಲು ಪ್ಲಗ್ ಬದಲಿಸಿ ನೋಡಿ. ಹಳೇ ಪ್ಲಗ್ ಬ್ಯಾಟರಿಯಲ್ಲಿ ಚೆನ್ನಾಗಿ ಹೊಳೆದರೂ ಪ್ಲಾಟಿನಂ ಮೇಲ್ಮೈ ಸತ್ತಿರಬಹುದು. ಹೊಸ ಪ್ಲಗ್ಗಿನಲ್ಲೂ ಹೀಗೇ ಆದರೆ ಐಡಲ್ ತುಂಬಾ ಕಡಿಮೆ ಇದೆ, ಇಲ್ಲವೇ ಮಿಶ್ರಣ ರಿಚ್ ಇದೆ, ಅಂದರೆ ಫ್ಯೂಯಲ್ ಜಾಸ್ತಿ. ಟ್ರಿಗರ್ ಬಿಟ್ಟಾಗ ಕಾರ್ಬೊರೇಟರಿನ ಬಾಯಿ ಸುಮಾರು 1 ಮಿಲಿಮೀಟರ್ ತೆರೆದಿರಬೇಕು. ಪೂರ್ತಿ ಮುಚ್ಚಿದ್ದರೆ ರಿಮೋಟಿನ ಟ್ರಿಮ್ (ಸಣ್ಣ ಹೊಂದಾಣಿಕೆಯ ಗುಂಡಿ) ಮತ್ತು ಬ್ರೇಕ್ ಲಿಂಕೇಜ್ (ಬ್ರೇಕಿಗೆ ಹೋಗುವ ಕಡ್ಡಿ) ನೋಡಿ. ಅವು ಸರಿಯಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿ. ಏರ್ ಫಿಲ್ಟರ್ ಫ್ಯೂಯಲ್ಲಿನಲ್ಲಿ ನೆಂದಿದ್ದರೂ ಎಂಜಿನ್ ಹೀಗೇ ಉಸಿರು ಕಟ್ಟಿ ನಿಲ್ಲುತ್ತದೆ. ಫಿಲ್ಟರ್ ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ. ಪರೀಕ್ಷೆಗೆ ಅಂತ ಫಿಲ್ಟರ್ ಇಲ್ಲದೆ ಓಡಿಸಬೇಡಿ. ನಮ್ಮ ಮೈದಾನಗಳ ಕೆಂಪು ಧೂಳು ಒಂದೇ ಸಲಕ್ಕೆ ಸ್ಲೀವ್ ಗೀರಿಬಿಡುತ್ತದೆ.

ಐಡಲ್ ಇದೆ, ಟ್ರಿಗರ್ ಒತ್ತಿದರೆ ನಿಲ್ಲುತ್ತದೆ

ಈಗ ನೀಡಲ್ ಸರದಿ. ಮುಟ್ಟುವ ಮುಂಚೆ ಈಗಿರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಈಗಾಗಲೇ ಎಲ್ಲ ತಿರುಗಿಸಿ ಲೆಕ್ಕ ತಪ್ಪಿದ್ದರೆ ಕಂಪನಿ ಸೆಟ್ಟಿಂಗಿಗೆ ವಾಪಸ್ ಹೋಗಿ: ಹೈ ಸ್ಪೀಡ್ ನೀಡಲ್ ಅನ್ನು ತಡೆ ಸಿಗುವ ತನಕ ಹಗುರವಾಗಿ ಮುಚ್ಚಿ, ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ತೆರೆಯಿರಿ. ಒಂದೊಂದು ಎಂಜಿನ್ನಿಗೆ ಒಂದೊಂದು ಲೆಕ್ಕ, ಪಕ್ಕದವರ ಕಾರಿನದು ನಿಮ್ಮದಕ್ಕೆ ಹೊಂದುವುದಿಲ್ಲ. ಬಿಗಿಯಾಗಿ ಮುಚ್ಚಿದರೆ ನೀಡಲ್ ತುದಿ ಹಾಳಾಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಫ್ಯೂಯಲ್ ಟ್ಯೂಬನ್ನು ಕಾರ್ಬೊರೇಟರ್ ಹತ್ತಿರ ಒತ್ತಿ ಹಿಡಿಯಿರಿ. ಎರಡು ಮೂರು ಸೆಕೆಂಡು ಓಡಿ, ವೇಗ ಸ್ವಲ್ಪ ಏರಿ ಎಂಜಿನ್ ನಿಂತರೆ ಲೋ ಸ್ಪೀಡ್ ನೀಡಲ್ (ಕಡಿಮೆ ವೇಗದಲ್ಲಿ ಫ್ಯೂಯಲ್ ನಿಯಂತ್ರಿಸುವುದು) ಸರಿಯಿದೆ. ತುಂಬಾ ಹೊತ್ತು ಓಡಿ ಕಿರುಚುವಷ್ಟು ವೇಗ ಏರಿದರೆ ರಿಚ್. ಒತ್ತಿದ ಕೂಡಲೇ ಸತ್ತರೆ ಲೀನ್. ನೀಡಲ್ ಒಳಗೆ ತಿರುಗಿಸಿದರೆ ಲೀನ್, ಹೊರಗೆ ತಿರುಗಿಸಿದರೆ ರಿಚ್. ಒಂದು ಸಲಕ್ಕೆ 1/8 ಸುತ್ತಿಗಿಂತ ಜಾಸ್ತಿ ಬೇಡ, ಲೋ ಸ್ಪೀಡ್ ನೀಡಲ್ ಆದರೆ ಇನ್ನೂ ಕಡಿಮೆ. ಒಂದು ತಿರುಗಿಸಿದ ಮೇಲೆ ಅದರ ಪರಿಣಾಮ ನೋಡದೆ ಇನ್ನೊಂದನ್ನು ಮುಟ್ಟಬೇಡಿ.

ಅನುಮಾನ ಬಂದಾಗ ರಿಚ್ ಕಡೆಗೇ ಇರಿ. ರಿಚ್ ಆದ ಎಂಜಿನ್ ಹೊಗೆ ಬಿಟ್ಟು ನಿಧಾನ ಓಡುತ್ತದೆ. ಲೀನ್ ಆದದ್ದು ಐದು ನಿಮಿಷ ಅಬ್ಬರದಿಂದ ಓಡಿ ಆಮೇಲೆ ಜೀವ ಬಿಡುತ್ತದೆ. ಫ್ಯೂಯಲ್ ಜೊತೆಗೇ ಎಣ್ಣೆಯೂ ಹೋಗುವುದರಿಂದ, ಫ್ಯೂಯಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ. ಸೈಲೆನ್ಸರಿನಿಂದ ತೆಳು ನೀಲಿ ಹೊಗೆ ಯಾವಾಗಲೂ ಕಾಣಬೇಕು. ಟೆಂಪರೇಚರ್ ಗನ್ ಇದ್ದರೆ ಪ್ಲಗ್ ಹತ್ತಿರ 105ರಿಂದ 125 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ. ಇಲ್ಲದಿದ್ದರೆ ಹೆಡ್ ಮೇಲೆ ಒಂದು ಹನಿ ನೀರು ಬಿಡಿ: ಮೂರು ನಾಲ್ಕು ಸೆಕೆಂಡು ಕುದಿದು ಆರಿದರೆ ಒಳ್ಳೆಯದು, ಬಿದ್ದ ಕೂಡಲೇ ಚುರ್ ಎಂದು ಹಾರಿದರೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ಊರು ಬದಲಾದರೆ ಸೆಟ್ಟಿಂಗೂ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರನ್ನು ಮಂಗಳೂರಿನ ಕಡೆಗೆ ಒಯ್ದು ಹಾಗೇ ಓಡಿಸಿದರೆ ಅಲ್ಲಿನ ದಟ್ಟ ಗಾಳಿಗೆ ಅದು ಲೀನ್ ಆಗುತ್ತದೆ. ಘಟ್ಟ ಇಳಿದ ಮೇಲೆ ಹೈ ಸ್ಪೀಡ್ ನೀಡಲ್ ಸ್ವಲ್ಪ ತೆರೆದು ಶುರು ಮಾಡಿ. ಘಟ್ಟ ಹತ್ತುವವರಿಗೆ ಉಲ್ಟಾ, ಕಾರು ಮಂಕಾಗಿ ಜಾಸ್ತಿ ಹೊಗೆ ಬಿಡುತ್ತದೆ.

ಎಷ್ಟು ತಿರುಗಿಸಿದರೂ ಸೆಟ್ಟಿಂಗ್ ನಿಲ್ಲುವುದಿಲ್ಲ, ಐಡಲ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಟ್ರಿಗರ್ ಬಿಟ್ಟರೂ ವೇಗ ಬೇಗ ಇಳಿಯುವುದಿಲ್ಲ ಅಂದರೆ ನೀಡಲ್ ಬಿಡಿ, ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಕಾರ್ಬೊರೇಟರ್ ಬುಡದ ಓ ರಿಂಗ್, ಎಂಜಿನ್ ಹಿಂದಿನ ಬ್ಯಾಕ್ ಪ್ಲೇಟಿನ ಗ್ಯಾಸ್ಕೆಟ್, ಮುಂದಿನ ಬೇರಿಂಗ್, ಈ ಮೂರು ಜಾಗ ನೋಡಿ. ಓಡಿದ ಮೇಲೆ ಹೊಸ ಎಣ್ಣೆ ಕಲೆ ಎಲ್ಲಿ ಕಾಣುತ್ತದೋ ಅಲ್ಲೇ ಸೋರಿಕೆ.

ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಇಲ್ಲ

ಮೈದಾನದಲ್ಲಿ ಒಂದು ಟ್ಯಾಂಕ್ ಓಡಿಸಿ, ಫ್ಯೂಯಲ್ ತುಂಬಿಸಿ, ಮತ್ತೆ ಎಳೆದರೆ ಬರುವುದೇ ಇಲ್ಲ. ಅರ್ಧ ಗಂಟೆ ಬಿಟ್ಟರೆ ಬರುತ್ತದೆ. ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ: ಒದ್ದೆ ಬಟ್ಟೆಯನ್ನು ಹಿಂಡಿ ಹೆಡ್ ಮೇಲೆ ಸ್ವಲ್ಪ ಹೊತ್ತು ಇಟ್ಟು ತಣಿಸಿ, ಎಳೆಯಿರಿ. ಆಗ ಸ್ಟಾರ್ಟ್ ಆದರೆ ಪಿಂಚ್ ಸವೆದಿದೆ. ಬಿಸಿಗೆ ಸ್ಲೀವ್ ಹಿಗ್ಗಿದಾಗ ಪಿಸ್ಟನ್ ಮತ್ತು ಸ್ಲೀವ್ ನಡುವೆ ಜಾಗ ಜಾಸ್ತಿಯಾಗಿ ಕಂಪ್ರೆಷನ್ ಸೋರಿ ಹೋಗುತ್ತಿದೆ. ಇನ್ನೂ ಖಾತ್ರಿ ಬೇಕಿದ್ದರೆ ತಣ್ಣನೆ ಎಂಜಿನ್ನಿನಲ್ಲಿ ಪ್ಲಗ್ ಬಿಚ್ಚಿ ಫ್ಲೈವೀಲ್ ಅನ್ನು ಬೆರಳಿನಿಂದ ತಿರುಗಿಸಿ. ಪಿಸ್ಟನ್ ತುದಿಗೆ ಬಂದಾಗ ಸ್ವಲ್ಪವಾದರೂ ಹಿಡಿತ ಸಿಗಬೇಕು. ಒಂದಿಷ್ಟೂ ತಡೆಯಿಲ್ಲದೆ ಜಾರಿ ಹೋದರೆ ಪಿಸ್ಟನ್ ಮತ್ತು ಸ್ಲೀವ್ ಎರಡನ್ನೂ ಜೋಡಿಯಾಗಿ ಬದಲಿಸಬೇಕು, ಒಂದನ್ನು ಮಾತ್ರ ಬದಲಿಸಿದರೆ ಹೊಂದುವುದಿಲ್ಲ. ಜೋಡಿಸುವಾಗ ಸ್ಲೀವ್ ಅಂಚಿನ ಕಚ್ಚು ಎಂಜಿನ್ ಬಾಡಿಯ ಗುರುತಿಗೆ ಕೂರಬೇಕು. ಅದು ತಿರುಗಿ ಕೂತರೆ ಸ್ಲೀವಿನ ಕಿಟಕಿಗಳೆಲ್ಲ (ಮಿಶ್ರಣ ಮತ್ತು ಹೊಗೆ ಓಡಾಡುವ ತೂತುಗಳು) ಮುಚ್ಚಿಹೋಗಿ ಎಂಜಿನ್ ಯಾವತ್ತೂ ಸ್ಟಾರ್ಟ್ ಆಗುವುದಿಲ್ಲ.

ಖರ್ಚು ಮಾಡುವ ಮುಂಚೆ ಬಿಡಿಭಾಗದ ಬೆಲೆ ಕೇಳಿ. ಸಣ್ಣ ಎಂಜಿನ್ನುಗಳಲ್ಲಿ ಪಿಸ್ಟನ್ ಸ್ಲೀವ್ ಜೋಡಿ, ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲ ಸೇರಿದರೆ ಹೊಸ ಎಂಜಿನ್ನಿನ ಬೆಲೆಗೆ ಹತ್ತಿರ ಬರುತ್ತದೆ. ಹಾಗಿದ್ದಾಗ ಹೊಸದನ್ನೇ ಕೊಳ್ಳುವುದು ಜಾಣತನ. ಹಳೆಯದರ ಕಾರ್ಬೊರೇಟರ್, ಪುಲ್ ಸ್ಟಾರ್ಟರ್ ಬಿಡಿಭಾಗಕ್ಕೆ ಇಟ್ಟುಕೊಳ್ಳಬಹುದು.

ಎಂಜಿನ್ ಬಿಚ್ಚಿದ ಅನುಭವ ಇಲ್ಲದವರು ಹೆಡ್ಡಿನ ತನಕ ಹೋಗಬೇಡಿ. ಹೆಡ್ಡಿನ ಅಡಿಯಲ್ಲಿ ಕಾಗದದಷ್ಟು ತೆಳುವಾದ ಶಿಮ್‌ಗಳಿರುತ್ತವೆ, ಒಂದು ಕಳೆದರೂ ಕಂಪ್ರೆಷನ್ ಬದಲಾಗಿ ಪ್ಲಗ್ ಮೇಲೆ ಪ್ಲಗ್ ಸುಡುತ್ತದೆ. ಕರಕರ ಸದ್ದು, ಫ್ಲೈವೀಲ್ ಮೇಲೆ ಕೆಳಗೆ ಅಲ್ಲಾಡುವುದು, ಪ್ಲಗ್ ಮೇಲೆ ಲೋಹದ ಕಣ, ಬಾಡಿಯಲ್ಲಿ ಬಿರುಕು, ಇವುಗಳಲ್ಲಿ ಯಾವುದು ಕಂಡರೂ ಹಾಬಿ ಅಂಗಡಿಯ ರಿಪೇರಿಯವರಿಗೆ ಅಥವಾ ಹಳೇ ಓಡಿಸುವವರಿಗೆ ತೋರಿಸಿ. ತೋರಿಸುವಾಗ ಏನೇನು ಪರೀಕ್ಷೆ ಮಾಡಿದ್ದೀರಿ, ಪ್ಲಗ್ ಹೇಗಿತ್ತು, ನೀಡಲ್ ಎಷ್ಟು ಸುತ್ತಿನಲ್ಲಿದೆ ಎಂದು ಹೇಳಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ಸ್ಟಾರ್ಟ್ ಆಗಿ ಓಡಿಸಿ ಮುಗಿಸಿದಿರಾ? ಮುಂದಿನ ಸಲ ಇದೇ ಕಷ್ಟ ಬರದಿರಲು ಅವತ್ತೇ ಐದು ನಿಮಿಷ ಕೊಡಿ. ಟ್ಯಾಂಕ್ ಬಸಿಯಿರಿ, ಟ್ಯೂಬಿನಲ್ಲಿ ಉಳಿದಿದ್ದೂ ಖಾಲಿಯಾಗುವ ತನಕ ಐಡಲ್‌ನಲ್ಲಿ ಓಡಿಸಿ. ಪ್ಲಗ್ ತೂತಿನಲ್ಲಿ ಮತ್ತು ಕಾರ್ಬೊರೇಟರ್ ಬಾಯಲ್ಲಿ ಮೂರು ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು ಹಗ್ಗ ನಾಲ್ಕೈದು ಸಲ ಎಳೆಯಿರಿ. ಆಮೇಲೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳಗೆ ತಂದು ನಿಲ್ಲಿಸಿ. ಬಿಸಿ ಎಂಜಿನ್ ತಣ್ಣಗಾಗುವಾಗ ಪಿಸ್ಟನ್ ಮೇಲ್ತುದಿಯಲ್ಲಿದ್ದರೆ ಕುಗ್ಗಿದ ಸ್ಲೀವ್ ಅದನ್ನು ಹಿಡಿದುಕೊಳ್ಳುತ್ತದೆ. ಇಗ್ನೈಟರ್ ಚಾರ್ಜಿಗೆ ಹಾಕಿ.